ಟ್ರಂಕಿನಲ್ಲಿ 43 ಪುಸ್ತಕ

ಇವರನ್ನು ಸುಮಾ ಅನ್ನೋಣ. ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಕೊಡಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಓದುವ ಮಕ್ಕಳು ಬರುತ್ತಾರೆ ಅನ್ನುವ ಆಸೆಯಲ್ಲಿ ಸುಮಾ ಕ್ಯಾಂಪಸ್ಸಿನ ದಾರಿಯಲ್ಲೇ ಪುಸ್ತಕದಂಗಡಿ ಇಟ್ಟರು. ಗೈಡು, ನೋಟ್‌ಬುಕ್ಕು, ಜೆರಾಕ್ಸಿನಲ್ಲಿ ಬಾಡಿಗೆ ಹುಟ್ಟುತ್ತಿತ್ತು. ಕಥೆ-ಕವನದ ಕಪಾಟು ಅವರ ಖುಷಿಗೆ.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಮೊದಲ ದಿನ ಬರೀ ಬಾಕಿಯ ಮಾತು. ಪ್ರಕಾಶಕರ ಫೋನ್ ಬಂದರೆ ಎದೆ ಡವಡವ, ಎತ್ತುವುದೇ ಇಲ್ಲ. ದುಡ್ಡಿನ ಚಿಂತೆ ಅಂದುಕೊಂಡೆ. ಪೂರ್ತಿ ಸರಿಯಿರಲಿಲ್ಲ.

ಎರಡನೇ ಸಲ ಬಂದಾಗ ಬ್ಯಾಗಿನಿಂದ ತೆಳ್ಳನೆಯ ಕವನ ಸಂಕಲನ ತೆಗೆದರು. ರಟ್ಟಿನ ಮೇಲೆ ಹಸಿರು ಬೂಷ್ಟು. ಹಾಳೆ ಒಂದಕ್ಕೊಂದು ಅಂಟಿದ್ದವು. "ಇಂಥವು ಮನೆಯ ಟ್ರಂಕಲ್ಲಿ 43 ಇವೆ ಮೇಡಂ. ಎಲ್ಲಾ ನಾನೇ ಕೊಂಡದ್ದು."

ಸುತ್ತಲಿನ ಊರಿನವರು ಕೈಯಿಂದ ದುಡ್ಡು ಹಾಕಿ ಪುಸ್ತಕ ಅಚ್ಚು ಹಾಕಿಸುತ್ತಾರೆ. ಹತ್ತು ಪ್ರತಿ ಇಟ್ಟು ಹೋಗುತ್ತಾರೆ. ಪೇಟೆಗೆ ಬಂದಾಗೆಲ್ಲ "ಎಷ್ಟು ಹೋಯ್ತು?" ಅಂತ ಕೇಳುತ್ತಾರೆ. ಒಂದೂ ಹೋಗಿಲ್ಲ ಅನ್ನಲು ಸುಮಾಗೆ ಬಾಯಿ ಬರುವುದಿಲ್ಲ. "ಮೂರು ಹೋಯ್ತು ಮಾಸ್ಟ್ರೇ" ಅಂದು ಪರ್ಸಿನಿಂದ ಎಣಿಸಿ ಕೊಡುತ್ತಾರೆ. ಮಾಸ್ಟ್ರು ಖುಷಿಯಾಗಿ ಇನ್ನೂ ಹತ್ತು ತರುತ್ತಾರೆ! ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ಟ್ರಂಕು ತೆರೆದ ರಾತ್ರಿಯಿಂದ ನಿದ್ದೆ ಹೋಗಿತ್ತು. (ಇಲ್ಲಿ ಬೂಷ್ಟು ಹಿಡಿಯದಂತೆ ಬಟ್ಟೆ ಕಪಾಟಿಗೇ ಬಲ್ಬು ಉರಿಸಿಡಬೇಕು, ಪದ್ಯ ಯಾವ ಲೆಕ್ಕ.)

"ಕಥೆಗಾರ್ತಿ ಕೊಡಗಿನ ಗೌರಮ್ಮ ಬರೆದ ಜಿಲ್ಲೆ ಇದು. ನಾನೇ ಬೇಡ ಅಂದ್ರೆ ಇವರು ಬರೀತಾರಾ?" ಅಂದರು.

"1939ರಲ್ಲಿ, 27ನೇ ವಯಸ್ಸಿಗೇ ಗೌರಮ್ಮ ತೀರಿಕೊಂಡರು. ಅವರು ಬರೆಯುವಾಗ ನಿಮ್ಮ ಅಂಗಡಿ ಇರಲಿಲ್ಲ ಅಲ್ವಾ?" ಅಂದೆ. ಖಾರ ಜಾಸ್ತಿಯಾಯಿತೇನೋ. ಅವರು ನಕ್ಕರು, ಆಮೇಲೆ ಅತ್ತರು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ಅನುವಾದಕಿ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು ಅಂತ ಜನ ಅಂಗಡಿ ಹುಡುಕಿಕೊಂಡು ಬಂದಿದ್ದರಂತೆ. ಪುಸ್ತಕ ತರಿಸಲು ಕೈಯಲ್ಲಿ ಕಾಸಿರಲಿಲ್ಲ. ಆ ಕಾಸೆಲ್ಲ ಪುಸ್ತಕವಾಗಿ ಟ್ರಂಕಿನಲ್ಲಿತ್ತು.

ಅಂಗಡಿ ಮುಚ್ಚಿ ಅಂತ ನಾನು ಹೇಳಲಿಲ್ಲ. ಎಲ್ಲರಿಗೂ ಒಟ್ಟಿಗೆ ನಿಜ ಹೇಳಿ ಅಂತಲೂ ಇಲ್ಲ. ಮೊದಲು ಒಬ್ಬರಿಗೆ ಸಾಕು ಅಂದೆ. ನಾನೇ ಮಾಸ್ಟ್ರಾಗಿ ಕೂತೆ, ಅವರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು. ಮೂರು ಸಲ "ಸಾರಿ" ಇಂದ ಶುರು. ನಾಲ್ಕನೇ ಸಲ ಅದು ಬಿಟ್ಟುಹೋಯಿತು. ಇನ್ನು ಮೇಲೆ ಐದೇ ಪ್ರತಿ, ಚೀಟಿಯಲ್ಲಿ ತಾರೀಖು, ಮೂರು ತಿಂಗಳಾದ ಮೇಲೆ ವಾಪಸ್. ಪ್ರಕಾಶಕರಿಗೆ ತಾವೇ ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿ, ಎಷ್ಟು ಯಾವಾಗ ಕೊಡಬಲ್ಲೆ ಅಂತ ಹೇಳುವುದು, ಉಳಿದ ಪುಸ್ತಕ ವಾಪಸ್ ತಗೊಳ್ತೀರಾ ಅಂತ ಕೇಳುವುದು. ಕವಿಗೋಷ್ಠಿ ಮಾಡಬೇಕೆಂಬ ಆಸೆ ಅವರಿಗಿತ್ತು. ಮಾಡಿ, ಆದರೆ ಮಳೆಗಾಲ ಬೇಡ, ಕಾಫಿ ಕೊಯ್ಲಿನ ಹೊತ್ತೂ ಬೇಡ ಅಂದೆ. ಆಗ ಯಾರು ಬರುತ್ತಾರೆ?

ಎರಡು ವಾರ ಬಿಟ್ಟು ಬಂದರು. ಮಾಸ್ಟ್ರಿಗೆ ಹೇಳಿಯಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಹಾಗಾದ್ರೆ ಆ ಮೂರು ಯಾರು ತಗೊಂಡಿದ್ರು?" ಅಂತ ಕೇಳಿದರಂತೆ.

"ನಾನೇ."

"ಓದಿದ್ರಾ?"

ಸುಮಾ ಓದಿರಲಿಲ್ಲ. ಆ ವಾರ ಕೂತು ಓದಿದರಂತೆ. ಎರಡು ಪದ್ಯ ಚೆನ್ನಾಗಿವೆ ಅಂದರು.