ಮೊಬೈಲ್ ಕಂಪನಿಗಳು ತ್ಯಾಜ್ಯ ಕಡಿಮೆ ಮಾಡೋದು ಹೇಗೆ?

ಹಳೇ ಫೋನ್ ವಾಪಸ್ ತಗೊಂಡರೆ ಸಾಕಾ, ಕಂಪನಿಗಳು ನಿಜವಾಗಿ ಏನು ಮಾಡುತ್ತವೆ ಅಂತ ಕೇಳಿದ್ದೀರಿ.

ವಾಪಸ್ ತಗೊಳ್ಳೋದು ಕೊನೇ ಹಂತ. ಒಂದು ಫೋನಿನಿಂದಾಗುವ ಇಂಗಾಲದ ಹೊರಸೂಸುವಿಕೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ನಾವು ಚಾರ್ಜ್ ಮಾಡುವ ಕರೆಂಟಿನದು ಚಿಕ್ಕ ಪಾಲು. ಹಾಗಾಗಿ ಇದ್ದ ಫೋನು ಇನ್ನೆರಡು ವರ್ಷ ಬಾಳುವಂತೆ ಮಾಡುವುದೇ ದೊಡ್ಡ ಕೆಲಸ. ನೆದರ್‌ಲ್ಯಾಂಡ್ಸ್‌ನ ಫೇರ್‌ಫೋನ್ ಇದನ್ನು ಚೆನ್ನಾಗಿ ಮಾಡಿದೆ: ಬ್ಯಾಟರಿ, ಡಿಸ್‌ಪ್ಲೇಗಳನ್ನು ಬಳಕೆದಾರರೇ ಬಿಚ್ಚಿ ಬದಲಿಸಬಹುದು. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಅಂಗಡಿಯವರು ಎಷ್ಟೋ ವರ್ಷದಿಂದ ಮಾಡುತ್ತಿರುವುದೂ ಇದನ್ನೇ. ಅವರಿಗೆ ಅಸಲಿ ಬಿಡಿಭಾಗ ಸುಲಭವಾಗಿ ಸಿಗುವಂತೆ ಮಾಡಿದರೆ ಅದೇ ದೊಡ್ಡ ಪರಿಸರ ಸೇವೆ ಅಂತ ನಾನು ನಂಬುತ್ತೇನೆ.

2020ರಲ್ಲಿ ಆಪಲ್ ಐಫೋನಿನ ಡಬ್ಬಿಯಿಂದ ಚಾರ್ಜರ್ ತೆಗೆಯಿತು. ಡಬ್ಬಿ ಚಿಕ್ಕದಾಗಿ ಸಾಗಣೆಯೂ ಹಗುರಾಯಿತು.

ಇನ್ನು ಕಾನೂನು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರು ನಿಗದಿತ ಪ್ರಮಾಣದ ಮರುಬಳಕೆಗೆ ಹೊಣೆ. ಮೊದಲೆರಡು ವರ್ಷದ ಗುರಿ ಶೇ. 60 ಇತ್ತು. ನೀವೂ ಹಳೇ ಫೋನನ್ನು ನೋಂದಾಯಿತ ಮರುಬಳಕೆ ಘಟಕಕ್ಕೇ ಕೊಡಿ. ಗುಜರಿಗೆ ಹೋದ ಫೋನಿನ ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರ ಕೈ, ಶ್ವಾಸಕೋಶ ಎರಡೂ ಸುಡುತ್ತವೆ.