ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸ್ಕ್ರಿಪ್ಟ್ ರಾತ್ರಿಯಿಡೀ ಓಡುತ್ತಿದೆ, ಎಸ್‌ಎಸ್‌ಡಿ ಹಾಕಿಸಲೇ, ರ್‍ಯಾಮ್ ಡಿಸ್ಕ್ (ಮೆಮೊರಿಯ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವುದು) ಮಾಡಲೇ?

ಎರಡೂ ಬೇಡ. ಒಂದೊಂದು ಅಕ್ಷರ ಬದಲಿಸುವ ನಿಯಮಕ್ಕೂ ಲೂಪಿನಲ್ಲಿ ‘ಸೆಡ್ -ಐ’ (ಸೆಡ್ ಅಂದರೆ ಪಠ್ಯವನ್ನು ಸಾಲುಸಾಲಾಗಿ ತಿದ್ದುವ ಲಿನಕ್ಸ್ ಆದೇಶ) ಓಡಿಸುತ್ತಿದ್ದೀರಲ್ಲ, ಮೊದಲು ಅದನ್ನು ತೆಗೆಯಿರಿ. ಸ್ಥಳೀಯ ಪತ್ರಿಕೆಯೊಂದರ ಹಳೆಯ ಸಂಚಿಕೆಗಳಿಗೆ ನಾನು ಬರೆದಿದ್ದೂ ಇಂಥದ್ದೇ ಸ್ಕ್ರಿಪ್ಟು.

‘-ಐ’ ಹಾಕಿದರೆ ಕಡತದ ಒಳಗೇ ತಿದ್ದುತ್ತದೆ ಅಂತ ನಂಬಿಕೊಂಡಿದ್ದೆ. ಹಾಗಲ್ಲ. ಸೆಡ್ ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಕಡತ ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ನಕಲು ಬರೆದು, ಆ ನಕಲಿಗೆ ಹಳೆಯದರ ಹೆಸರಿಡುತ್ತದೆ. ಬದಲಾಗುವ ಅಕ್ಷರ ಒಂದೂ ಇಲ್ಲದಿದ್ದರೂ ಅಷ್ಟನ್ನೂ ಬರೆಯುತ್ತದೆ. 20 ಎಂಬಿ ಕಡತಕ್ಕೆ 300 ನಿಯಮ ಅಂದರೆ 6 ಜಿಬಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕಾದ್ದರಿಂದ ಕಡತ ಹಿಗ್ಗುತ್ತಾ ಹೋಗಿ ಅದಕ್ಕೂ ಜಾಸ್ತಿಯಾಗುತ್ತದೆ. ಡಿಸ್ಕಿಗೆ ಹೋಗುವ ಮೊದಲು ಬರಹವನ್ನು ಮೆಮೊರಿಯಲ್ಲಿ ಹಿಡಿದಿಡುವ ಪೇಜ್ ಕ್ಯಾಶ್ ಕಾಪಾಡುತ್ತದೆ ಅನ್ನಬೇಡಿ: ಹೀಗೆ ಹಳೆಯ ಕಡತದ ಜಾಗಕ್ಕೆ ಹೊಸದನ್ನು ತಂದು ಕೂರಿಸಿದಾಗ, ದತ್ತಾಂಶ ಕಳೆಯದಿರಲಿ ಅಂತ ಲಿನಕ್ಸಿನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4 ಡಿಸ್ಕಿಗೆ ಬರೆಯುವುದನ್ನು ಆಗಲೇ ಶುರು ಮಾಡಿಬಿಡುತ್ತದೆ.

ನಿಧಾನವನ್ನಾದರೂ ಸಹಿಸಬಹುದಿತ್ತು. ನಡುವೆ ಕರೆಂಟ್ ಹೋಯಿತು. ಅರ್ಧ ನುಡಿ, ಅರ್ಧ ಯೂನಿಕೋಡ್ ಆದ ಕಡತ. ಯಾವ ನಿಯಮದವರೆಗೆ ಬಂದಿತ್ತು ಅಂತ ತಿಳಿಯುವ ದಾರಿಯಿಲ್ಲ, ಮೂಲಪ್ರತಿಯನ್ನು ‘-ಐ’ ಮೊದಲ ಸುತ್ತಿನಲ್ಲೇ ಅಳಿಸಿತ್ತು. ಅಚ್ಚಾದ ಸಂಚಿಕೆ ಎದುರಿಗಿಟ್ಟುಕೊಂಡು ಮತ್ತೆ ಟೈಪ್ ಮಾಡಿದೆ.

ನಿಯಮಗಳನ್ನೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಬರೆದು ‘ಸೆಡ್ -ಎಫ್’ಗೆ ಕೊಡಿ, ಫಲಿತಾಂಶವನ್ನು ‘>’ ಹಾಕಿ ಬೇರೆ ಫೋಲ್ಡರಿಗೆ ಕಳಿಸಿ. ಸೆಡ್ ಒಂದು ಸಾಲು ಓದಿ, ಅದರ ಮೇಲೆ ಎಲ್ಲ ನಿಯಮಗಳನ್ನೂ ಮೆಮೊರಿಯಲ್ಲೇ ಓಡಿಸಿ, ಆಮೇಲೆ ಮುಂದಿನ ಸಾಲಿಗೆ ಹೋಗುತ್ತದೆ. ಡಿಸ್ಕಿಗೆ ಒಂದೇ ಸಲ ಬರಹ, ಮೂಲ ಇದ್ದ ಹಾಗೇ ಇರುತ್ತದೆ. ನಿಯಮಗಳ ಕ್ರಮ ಮಾತ್ರ ಕೆಡಬಾರದು: ಉದ್ದದ ಜೋಡಣೆಗಳು ಮೊದಲು, ಬಿಡಿ ಅಕ್ಷರ ಆಮೇಲೆ. ಅರ್ಕಾವೊತ್ತು ನುಡಿಯಲ್ಲಿ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ವ್ಯಂಜನಕ್ಕಿಂತ ಮುಂಚೆ ಇರಬೇಕು; ಆ ಅದಲುಬದಲು ಎಲ್ಲ ಅಕ್ಷರಗಳೂ ತಿರುಗಿದ ಮೇಲೆ, ಕೊನೆಯಲ್ಲಿ ಆಗಲಿ.

ರ್‍ಯಾಮ್ ಡಿಸ್ಕಿನಲ್ಲೂ ಅದೇ 300 ನಕಲು ನಡೆಯುತ್ತದೆ, ಕರೆಂಟ್ ಹೋದರೆ ಅಲ್ಲಿದ್ದದ್ದೆಲ್ಲ ಹೋಯಿತು. ಇನ್ನು ಲೂಪಿನೊಳಗೆ ಪ್ರತಿ ಸುತ್ತಿಗೂ ‘ಎಕೋ’ ಮಾಡಿ ‘>>’ ಅಂತ ಲಾಗ್ ಬರೆಯುತ್ತಿದ್ದೀರಿ. ಪ್ರತಿ ಸಲವೂ ಲಾಗ್ ಕಡತ ತೆರೆದು ಮುಚ್ಚುತ್ತದೆ. ಆ ‘>>’ ಅನ್ನು ಲೂಪನ್ನು ಮುಗಿಸುವ ‘ಡನ್’ ಪಕ್ಕಕ್ಕೆ ತನ್ನಿ, ಇಡೀ ಲೂಪಿಗೆ ಒಂದೇ ಸಲ ತೆರೆದರೆ ಸಾಕು.