ಮಗಳನ್ನು ಎನ್‌ಸಿಸಿ ಬಿಡಿಸಿ ರೈಫಲ್ ಕ್ಲಬ್‌ಗೆ ಸೇರಿಸಬಹುದೇ? ಮುಂದೆ ಗನ್ ಲೈಸೆನ್ಸ್‌ಗೆ ಯಾವುದು ಅನುಕೂಲ?

ಬಿಡಿಸಬೇಡಿ. ಯಾಕೆ ಅಂತ ಹೇಳೋದಕ್ಕೆ ನನ್ನ ಕತೆಯನ್ನೇ ಹೇಳಬೇಕಾಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮಗಳು ಬಿ.ಎಸ್ಸಿ. ಎರಡನೇ ವರ್ಷ, ಫೈರಿಂಗ್‌ನಲ್ಲಿ ಎಲ್ಲರಿಗಿಂತ ಮುಂದೆ, ಪರೇಡ್ ಇರೋದು ಭಾನುವಾರ ಬೆಳಿಗ್ಗೆ, ಕ್ಲಬ್‌ನವರು ರೇಂಜ್ ಕೊಡೋದೂ ಅದೇ ಹೊತ್ತಿಗೆ ಅಂತ ಬರೆದಿದ್ದೀರಿ. ನಾನೂ ಇದೇ ಜಾಗದಲ್ಲಿ ನಿಂತಿದ್ದವಳು. ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಎನ್‌ಸಿಸಿಯ ಎರಡನೇ ಹಂತದ ಪರೀಕ್ಷೆಗೆ ಕೊಡುವ ಬಿ ಸರ್ಟಿಫಿಕೇಟ್ ಕೈಗೆ ಬಂದಿತ್ತು. ಮೂರನೇ ವರ್ಷಕ್ಕೆ ಕಾಲಿಟ್ಟಾಗ ಕ್ಲಬ್‌ನ ರುಚಿ ಹತ್ತಿತು.

ರೈಫಲ್ ಅನ್ನೋದನ್ನು ಮೊದಲು ಕೈಗೆ ಕೊಟ್ಟದ್ದು ಎನ್‌ಸಿಸಿಯೇ. ಪಾಯಿಂಟ್ ಟೂ ಟೂ ರೈಫಲ್, ಅಂದರೆ ನಳಿಗೆಯ ಬೋರ್ (ಒಳ ಅಗಲ) 0.22 ಇಂಚಿನದು. ಟಾರ್ಗೆಟ್ 25 ಗಜ ದೂರ, ಅದರ ಹಿಂದೆ ಮಣ್ಣಿನ ದಿಬ್ಬ. ದರಿಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ತರಬೇತಿ ಕೊಡುವ ಉಸ್ತಾದ್ 'ಭರ್' ಅಂದ ಮೇಲೆ ಗುಂಡು ತುಂಬಬೇಕು. ಐದು ಸಲ ಹೊಡೆಯಬೇಕು. ಐದೂ ಕಪ್ಪು ವೃತ್ತದ ನಡುವಿಗೇ ಬೀಳಬೇಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಉಸ್ತಾದ್ ನೋಡಿದ್ದು ಅದನ್ನಲ್ಲ. ಕಾಗದದ ಮೇಲೆ ಸ್ಕೇಲ್ ಇಟ್ಟು, ಐದು ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂತ ಅಳೆದರು. ಮೂಲೆಗೆ ಬಿದ್ದರೂ ಪರವಾಗಿಲ್ಲ, ಗುಂಪಾಗಿ ಬೀಳಬೇಕು. ಸೈಟ್ ತಿದ್ದೋದು ನಿಮಿಷದ ಕೆಲಸ, ಅಲುಗಾಡುವ ಕೈ ತಿದ್ದೋದಕ್ಕೆ ವರ್ಷ ಬೇಕು ಅಂದರು. ನನ್ನ ಗುಂಪು ಚಿಕ್ಕದಿತ್ತು. ಅವತ್ತಿನಿಂದಲೇ ನನಗೆ ಹುಚ್ಚು ಹಿಡಿಯಿತು.

ಹೊಡೆದಾದ ಮೇಲೆ ಖಾಲಿ ಕೇಸ್‌ಗಳನ್ನು ಎಣಿಸಿ ವಾಪಸ್ ಕೊಡಬೇಕಿತ್ತು. ಎಷ್ಟು ಗುಂಡು ಹೊರಗೆ ಬಂತೋ ಅಷ್ಟು ಕೇಸ್ ಡಬ್ಬಿಗೆ ಬೀಳಬೇಕು. ಒಮ್ಮೆ ಒಂದು ಕೇಸ್ ಕಡಿಮೆ ಬಂತು. ಇಡೀ ಪ್ಲಟೂನ್ ಬಿಸಿಲಿನಲ್ಲಿ ಮಂಡಿಯೂರಿ ಹುಲ್ಲು ಕೆದಕಿದೆವು. ಸಿಗುವ ತನಕ ಯಾರೂ ಊಟಕ್ಕೆ ಹೋಗುವ ಹಾಗಿರಲಿಲ್ಲ. ಉಗುರಿನಷ್ಟು ಹಿತ್ತಾಳೆ ಚೂರಿಗೆ ಇಷ್ಟೊಂದು ಯಾಕೆ ಅಂತ ಸಿಟ್ಟು ಬಂದಿತ್ತು. ಆ ರೈಫಲ್, ಆ ಗುಂಡು, ಆ ಖಾಲಿ ಕೇಸ್ ಯಾವುದೂ ನಮ್ಮದಲ್ಲ, ಒಂದೊಂದಕ್ಕೂ ಯಾರೋ ಸಹಿ ಹಾಕಿದ್ದಾರೆ ಅನ್ನೋದು ತಲೆಗೆ ಹೋಗಿರಲಿಲ್ಲ. ಅದು ಅವತ್ತೇ ಹೋಗಿದ್ದರೆ ಮುಂದೆ ಮಾಡಿದ ತಪ್ಪನ್ನು ಮಾಡುತ್ತಿರಲಿಲ್ಲ.

ಕಾನೂನು ಇಲ್ಲಿ ಬಹಳ ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಯಾರ್ಯಾರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಹೇಳುತ್ತದೆ. 1948ರ ಎನ್‌ಸಿಸಿ ಕಾಯ್ದೆಯಡಿ ಸೇರಿದ ಕೆಡೆಟ್‌ಗಳೂ ಆ ಪಟ್ಟಿಯಲ್ಲಿದ್ದಾರೆ. ಆದರೆ ಕೆಡೆಟ್ ಆಗಿ ಡ್ಯೂಟಿಯಲ್ಲಿ ಇರುವಾಗ ಮಾತ್ರ. ನಿಮ್ಮ ಮಗಳು ಲೈಸೆನ್ಸ್ ಇಲ್ಲದೆ ಪಾಯಿಂಟ್ ಟೂ ಟೂ ಹಿಡಿಯುತ್ತಿರೋದು ಈ ಒಂದು ಸಾಲಿನ ಬಲದ ಮೇಲೆ. ಯೂನಿಫಾರ್ಮ್ ಕಳಚಿ ಮನೆಗೆ ಬಂದ ಮೇಲೆ ಆ ಸಾಲು ಅವಳ ಜೊತೆ ಬರುವುದಿಲ್ಲ. ಹತ್ತು ವರ್ಷ ಇಲಾಖೆಯ ಜೀಪ್ ಓಡಿಸಿದ ಡ್ರೈವರ್‌ಗೆ ಜೀಪ್ ಮನೆಗೆ ಕೊಟ್ಟು ಕಳಿಸುತ್ತಾರಾ? ಇದೂ ಹಾಗೇ.

ಆದ್ದರಿಂದ 'ಲೈಸೆನ್ಸ್‌ಗೆ ಯಾವುದು ಅನುಕೂಲ' ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಎನ್‌ಸಿಸಿ ಇರೋದು ಲೈಸೆನ್ಸ್ ಕೊಡಿಸೋದಕ್ಕಲ್ಲ. ಅದೂ ಅಲ್ಲದೆ ನಿಮ್ಮ ಮಗಳಿಗೆ ಹತ್ತೊಂಬತ್ತು. ಅದೇ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 21 ತುಂಬದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ತರಬೇತಿಗೆ ಮಾತ್ರ ರಿಯಾಯಿತಿ ಇದೆ, 12 ವರ್ಷ ತುಂಬಿದ ಮಕ್ಕಳು ನಿಯಮದ ಚೌಕಟ್ಟಿನೊಳಗೆ ಗುರಿ ಅಭ್ಯಾಸ ಮಾಡಬಹುದು. ಅಂದರೆ ಅವಳು ಕ್ಲಬ್‌ನಲ್ಲಿ ಕಲಿಯಬಹುದು, ಸ್ಪರ್ಧೆಗೆ ಹೋಗಬಹುದು. ಮನೆಯ ಬೀರುವಿನಲ್ಲಿ ಸ್ವಂತ ರೈಫಲ್ ಅನ್ನೋ ಮಾತು ಈಗ ಯಾಕೆ?

ಕ್ಲಬ್ ಸದಸ್ಯತ್ವಕ್ಕೆ ಕಾನೂನಿನಲ್ಲಿ ತೂಕ ಇಲ್ಲ ಅಂತಲ್ಲ. 13ನೇ ಸೆಕ್ಷನ್‌ನಲ್ಲಿ, ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಇರುವ ರೈಫಲ್ ಕ್ಲಬ್‌ನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ ಟೂ ಟೂ ರೈಫಲ್ ಅಥವಾ ಏರ್ ರೈಫಲ್ ಬಗ್ಗೆ ಪ್ರತ್ಯೇಕವಾಗಿ ಹೇಳಿದೆ. ಜೀವಭಯ ಇದೆ, ತೋಟಕ್ಕೆ ಕಾಡುಹಂದಿ ನುಗ್ಗುತ್ತದೆ ಅಂತ ಅವರು ಕಾರಣ ಹುಡುಕಬೇಕಿಲ್ಲ. ಆದರೆ ಮಾನ್ಯತೆ ಅನ್ನೋ ಪದವನ್ನು ಗಮನಿಸಿ. ಬೋರ್ಡ್ ಹಾಕಿಕೊಂಡ ಎಲ್ಲ ಶೂಟಿಂಗ್ ಅಕಾಡೆಮಿಯೂ ಕಾನೂನು ಹೇಳುವ ರೈಫಲ್ ಕ್ಲಬ್ ಆಗೋದಿಲ್ಲ. ಸೇರಿಸುವ ಮೊದಲು ಅವರ ಲೈಸೆನ್ಸ್ ಕಾಗದ ತೋರಿಸಿ ಅಂತ ಕೇಳಿ. ರಾಜ್ಯ ರೈಫಲ್ ಸಂಸ್ಥೆಯ ಜೊತೆ, ಅದರ ಮೂಲಕ 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಜೊತೆ ನಂಟು ಇದೆಯಾ ಅಂತಲೂ ಕೇಳಿ. ನಂಟು ಇಲ್ಲದಿದ್ದರೆ ಅಲ್ಲಿ ಹೊಡೆದ ಸ್ಕೋರ್‌ಗೆ ಮುಂದೆ ಬೆಲೆ ಇರೋದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಹೊರಟಿರೋದು ಸರಿಯಾಗಿ ಅದೇ ದಾರಿಯಲ್ಲಿ.

ಎನ್‌ಸಿಸಿಯಲ್ಲಿ ವರ್ಷಕ್ಕೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಗುಂಡು. ಕ್ಲಬ್‌ನಲ್ಲಿ ಒಂದೇ ಬೆಳಿಗ್ಗೆ ಅದರ ಹತ್ತು ಪಟ್ಟು ಹೊಡೆಯಬಹುದಿತ್ತು. ಮೂರನೇ ವರ್ಷದಲ್ಲಿ ಒಂದು ಭಾನುವಾರ ಪರೇಡ್ ತಪ್ಪಿಸಿದೆ. ಏನೂ ಆಗಲಿಲ್ಲ. ಮತ್ತೊಂದು ತಪ್ಪಿಸಿದೆ. ಸ್ಪರ್ಧೆ ಹತ್ತಿರ ಬಂತು ಅಂತ ಪೂರ್ತಿ ಬಿಟ್ಟೇಬಿಟ್ಟೆ. ಮನಸ್ಸಿನಲ್ಲಿ ಇದ್ದ ಲೆಕ್ಕ ಇಷ್ಟೇ: ಎನ್‌ಸಿಸಿ ಕಲಿಸೋದು ಫೈರಿಂಗ್, ನಾನು ಮಾಡ್ತಿರೋದೂ ಫೈರಿಂಗ್, ಇದನ್ನು ಹಾಜರಿ ಅಂತ ಹಿಡಿಯದೆ ಇರ್ತಾರಾ? ಕ್ಲಬ್ ಕಾರ್ಯದರ್ಶಿಯಿಂದ ಒಂದು ಪತ್ರ ಬರೆಸಿಕೊಂಡರೆ ಸಾಕು ಅಂತ ನಂಬಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಅಂದಾರು ಅನ್ನೋ ಭಯ ಒಳಗೆ ಇತ್ತು, ಅದು ನಿಜ.

ಎನ್‌ಸಿಸಿಯ ಕೊನೆಯ ಹಂತವಾದ ಸಿ ಸರ್ಟಿಫಿಕೇಟ್ ಪರೀಕ್ಷೆಗೆ ಹೆಸರು ಕಳಿಸುವ ಹೊತ್ತಿಗೆ ಪಟ್ಟಿಯಲ್ಲಿ ನಾನಿರಲಿಲ್ಲ. ಪರೇಡ್ ಹಾಜರಿ ಶೇ 75 ಇರಬೇಕು, ನನ್ನದು ಇರಲಿಲ್ಲ. ಕ್ಲಬ್‌ನ ಪತ್ರ ಹಿಡಿದು ಎಎನ್‌ಒ (ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಹೋದೆ. ಅವರು ನಮಗೆ ಪಾಠ ಹೇಳುತ್ತಿದ್ದ ಲೆಕ್ಚರರೇ, ನನ್ನ ಮೇಲೆ ಪ್ರೀತಿ ಇತ್ತು. ಪತ್ರ ಓದಿ ಮಡಚಿ ವಾಪಸ್ ಕೊಟ್ಟರು. 'ಅಲ್ಲಿಗೆ ನಿನ್ನನ್ನು ನಾವು ಕಳಿಸಿದ್ದೆವಾ?' ಅಂದರು. ಅಷ್ಟೇ ಕೇಳಿದ್ದು. ಯೂನಿಟ್ ಕಳಿಸಿದ್ದರೆ ಅದು ಡ್ಯೂಟಿ. ನಾನಾಗಿ ಹೋದರೆ ಅದು ಗೈರುಹಾಜರಿ. ರೈಫಲ್ ಒಂದೇ, ಗುರಿ ಒಂದೇ, ಆದರೆ ಕಾಗದದ ಮೇಲೆ ಎರಡೂ ಬೇರೆ ಬೇರೆ ಲೋಕ. ಒಂದನ್ನು ನಡೆಸೋದು ರಕ್ಷಣಾ ಸಚಿವಾಲಯ, ಇನ್ನೊಂದಕ್ಕೆ ಲೈಸೆನ್ಸ್ ನಿಯಮ ಬರೆಯೋದು ಗೃಹ ಸಚಿವಾಲಯ. ಇವರ ರಿಜಿಸ್ಟರ್ ಅವರಿಗೆ ಲೆಕ್ಕಕ್ಕಿಲ್ಲ.

ಮತ್ತೆ ಹೇಳುತ್ತೇನೆ, ಕ್ಲಬ್‌ಗೆ ಹೋಗಿದ್ದು ತಪ್ಪಲ್ಲ. ಜೂನ್‌ನಲ್ಲೇ ಎಎನ್‌ಒ ಮುಂದೆ ಕೂತು 'ಸರ್, ಈ ತಿಂಗಳು ಈ ಸ್ಪರ್ಧೆ ಇದೆ, ಎಷ್ಟು ಪರೇಡ್ ತಪ್ಪಿದರೂ ನಡೆಯುತ್ತದೆ?' ಅಂತ ಕೇಳಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯದೆ ಇದ್ದದ್ದು ತಪ್ಪು. ಹಾಜರಿ ಪುಸ್ತಕವನ್ನು ತಿಂಗಳಿಗೊಮ್ಮೆಯಾದರೂ ನೋಡದೆ ಇದ್ದದ್ದು ತಪ್ಪು. ನೋಡಿದ್ದರೆ ದೀಪಾವಳಿ ಹೊತ್ತಿಗೇ ಗೊತ್ತಾಗುತ್ತಿತ್ತು, ಉಳಿದ ಪರೇಡ್‌ಗಳಿಗೆ ಹೋಗಿ ಸರಿದೂಗಿಸಬಹುದಿತ್ತು. ನಾನು ನೋಡುವ ಹೊತ್ತಿಗೆ ಸರಿದೂಗಿಸೋದಕ್ಕೆ ಪರೇಡ್‌ಗಳೇ ಉಳಿದಿರಲಿಲ್ಲ.

ಕಳೆದುಕೊಂಡದ್ದು ಬರೀ ಒಂದು ಕಾಗದ ಅಲ್ಲ. ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್ ಇದ್ದು, ಡಿಗ್ರಿಯಲ್ಲಿ ಶೇ 50 ಅಂಕ ಇದ್ದರೆ ಸೇನೆಗೆ ಅಧಿಕಾರಿಯಾಗಿ ಸೇರುವ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೂ ಇದೆ. ಯುಪಿಎಸ್‌ಸಿಯ ಸಿಡಿಎಸ್ ಲಿಖಿತ ಪರೀಕ್ಷೆ ಇಲ್ಲದೆ, ಅರ್ಜಿ ಶಾರ್ಟ್‌ಲಿಸ್ಟ್ ಆದರೆ ನೇರವಾಗಿ ಸೇನಾಧಿಕಾರಿಗಳನ್ನು ಆರಿಸುವ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ. ಪಾಸಾದರೆ ಚೆನ್ನೈನ ಸೇನಾಧಿಕಾರಿಗಳ ಅಕಾಡೆಮಿಯಲ್ಲಿ ಟ್ರೇನಿಂಗ್. ನನ್ನ ಜೊತೆ ಪರೇಡ್ ಮಾಡಿದ ಒಬ್ಬಳು ಆ ದಾರಿಯಲ್ಲೇ ಹೋದಳು. ಅವಳ ಗುಂಪು ನನ್ನದಕ್ಕಿಂತ ದೊಡ್ಡದಿತ್ತು, ಫೈರಿಂಗ್‌ನಲ್ಲಿ ಅವಳೇನೂ ಹೆಸರು ಮಾಡಿರಲಿಲ್ಲ. ಆದರೆ ಪ್ರತಿ ಭಾನುವಾರ ಬರುತ್ತಿದ್ದಳು. ನಾನು ಸಿಡಿಎಸ್ ಬರೆದೆ, ಆಗಲಿಲ್ಲ. ಮತ್ತೆ ಬರೆದೆ. ವಯಸ್ಸು ಮೀರಿತು. ಈಗ ಸಹಕಾರಿ ಬ್ಯಾಂಕ್ ಒಂದರಲ್ಲಿ ಕೆಲಸ. ಬಿಡುವಿದ್ದಾಗ ಮಕ್ಕಳಿಗೆ ಏರ್ ರೈಫಲ್ ಹೇಳಿಕೊಡುತ್ತೇನೆ. ಬದುಕು ಚೆನ್ನಾಗಿಯೇ ಇದೆ. ಆದರೂ ಆ ಹಾಜರಿ ಪುಸ್ತಕದ ನೋವು ಹೋಗಿಲ್ಲ.

ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಶೂಟಿಂಗ್‌ಗೆ ಎನ್‌ಸಿಸಿಯ ಒಳಗೇ ಮೇಲೆ ಹೋಗುವ ದಾರಿ ಇದೆ. ಯೂನಿಟ್‌ನಿಂದ ಗ್ರೂಪ್‌ಗೆ, ಅಲ್ಲಿಂದ ಕರ್ನಾಟಕ ಮತ್ತು ಗೋವಾ ಡೈರೆಕ್ಟರೇಟ್ ತಂಡಕ್ಕೆ, ಅಲ್ಲಿಂದ ದೇಶದ ಎಲ್ಲ ಡೈರೆಕ್ಟರೇಟ್‌ಗಳ ಕೆಡೆಟ್‌ಗಳು ಸೇರುವ ದೆಹಲಿಯ ಥಲ್ ಸೈನಿಕ್ ಕ್ಯಾಂಪ್‌ಗೆ. ಡೈರೆಕ್ಟರೇಟ್‌ಗಳ ನಡುವೆ ಶೂಟಿಂಗ್ ಸ್ಪರ್ಧೆಯೇ ಪ್ರತ್ಯೇಕವಾಗಿ ನಡೆಯುತ್ತದೆ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಹೆಸರಿನ ಅಖಿಲ ಭಾರತ ಶೂಟಿಂಗ್ ಸ್ಪರ್ಧೆಗೂ ಎನ್‌ಸಿಸಿ ತನ್ನ ತಂಡ ಕಳಿಸುತ್ತದೆ. ನನ್ನ ಕಣ್ಣು ಕ್ಲಬ್ ಮೇಲಿತ್ತು, ಈ ಆಯ್ಕೆಗಳಿಗೆ ಹೆಸರು ಕೊಡಿ ಅಂತ ಉಸ್ತಾದ್ ಕರೆದಾಗ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಮಗಳ ಗುಂಪು ಅಷ್ಟು ಚಿಕ್ಕದಾಗಿದ್ದರೆ ಈ ವಾರವೇ ಎಎನ್‌ಒ ಹತ್ತಿರ ಈ ಮಾತು ಎತ್ತಲಿ.

ನಿಮ್ಮ ತಾಯಿಯವರಿಗೆ ಒಂದು ಮಾತು. ಎನ್‌ಸಿಸಿಯಲ್ಲಿ ಉಳಿದರೆ ಯುದ್ಧ ಬಂದಾಗ ಕರೀತಾರೆ ಅಂತ ಅವರು ಹೆದರುತ್ತಾರೆ ಅಂದಿರಿ. ಚೀನಾ ಯುದ್ಧದ ನಂತರ 1963ರಲ್ಲಿ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯ ಮಾಡಿದ್ದರು. ಆ ಕಾಲದ ನೆನಪು ಅವರಿಗೆ ಇರಬಹುದು. 1968ರಲ್ಲಿ ಮತ್ತೆ ಐಚ್ಛಿಕ ಆಯಿತು. ಕೆಡೆಟ್ ಆದ ಮಾತ್ರಕ್ಕೆ ಯಾರೂ ಯುದ್ಧಕ್ಕೆ ಹೋಗಬೇಕಾಗಿಲ್ಲ, 1948ರ ಕಾಯ್ದೆಯಲ್ಲೇ ಇದು ಬರೆದಿದೆ. ಅವರಿಗೆ ಧೈರ್ಯ ಹೇಳಿ.

ಕೊಡಗಿನ ಸ್ನೇಹಿತರಿಗೆ ಕೋವಿಗೆ ಲೈಸೆನ್ಸೇ ಬೇಡವಂತೆ, ನಮಗೆ ಯಾಕೆ ಅಂತಲೂ ಕೇಳಿದ್ದೀರಿ. ಅದು ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿ. ಸದ್ಯ 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳ ಪರಂಪರೆಗೆ ಸಂದ ಗೌರವ ಅದು. ನಿಮಗೂ ನನಗೂ ಅನ್ವಯಿಸೋದಿಲ್ಲ, ಅದರ ಜೊತೆ ಹೋಲಿಸಿಕೊಂಡು ಪ್ರಯೋಜನವಿಲ್ಲ.

ಹಾಗಾದರೆ ಏನು ಮಾಡಬೇಕು? ಸಿ ಸರ್ಟಿಫಿಕೇಟ್ ಪರೀಕ್ಷೆ ಮುಗಿಯುವ ತನಕ ಭಾನುವಾರ ಪರೇಡ್‌ಗೇ ಮೀಸಲು. ಕ್ಲಬ್ ಬೇಕೇ ಬೇಕು ಅಂದರೆ ವಾರದ ಸಂಜೆ ಏರ್ ರೈಫಲ್ ಹಿಡಿಯಲಿ. ಪಾಯಿಂಟ್ ಟೂ ಟೂ ಮೋಹ ಈಗ ಬೇಡ. ಏರ್ ರೈಫಲ್ ಅಂದರೆ ಮಕ್ಕಳಾಟ ಅಂತ ತುಂಬಾ ಜನ ತಿಳಿದಿದ್ದಾರೆ. ಹತ್ತು ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆನ್ನಿನ ಮೊನೆ ಊರಿದಷ್ಟು. 60 ಸಲ ಅದನ್ನೇ ಹುಡುಕಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಏರ್ ರೈಫಲ್‌ನಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದೂ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲೇ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗುಂಡು ಹೊರಡುವ ಶಕ್ತಿ 20 ಜೂಲ್ ಒಳಗಿರುವ, ಪಾಯಿಂಟ್ ಒನ್ ಸೆವೆನ್ ಸೆವೆನ್ ಬೋರ್‌ನ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲ್‌ಗಳು ಆ ಮಿತಿಯ ಅರ್ಧವನ್ನೂ ಮುಟ್ಟೋದಿಲ್ಲ. ಅಂಗಡಿಯವರು ಗುರುತಿನ ಚೀಟಿ, ವಯಸ್ಸಿನ ದಾಖಲೆ ಕೇಳುತ್ತಾರೆ, ಕೊಡಿ. ಆದರೆ ಈಗಲೇ ಕೊಳ್ಳೋದಕ್ಕೆ ಹೋಗಬೇಡಿ. ಒಳ್ಳೆಯ ವಿದೇಶಿ ರೈಫಲ್‌ಗೆ ಲಕ್ಷಗಟ್ಟಲೆ ಬೇಕು, ಜಾಕೆಟ್, ಪ್ಯಾಂಟ್, ಬೂಟು ಬೇರೆ. ಮೊದಲ ವರ್ಷ ಕ್ಲಬ್‌ನ ರೈಫಲ್‌ನಲ್ಲೇ ಹೊಡೆಯಲಿ.

21 ತುಂಬಿದ ಮೇಲೂ ಅವಳಿಗೆ ಪಾಯಿಂಟ್ ಟೂ ಟೂ ಬೇಕು ಅನ್ನಿಸಿದರೆ ಆಗ ಕ್ಲಬ್ ಸದಸ್ಯತ್ವದ ಮೇಲೆ ಅರ್ಜಿ ಹಾಕಲಿ. ಜಿಲ್ಲೆಯಾದರೆ ಡಿಸಿ ಕಚೇರಿ, ಕಮಿಷನರೇಟ್ ಇರುವ ಊರಾದರೆ ಪೊಲೀಸ್ ಕಮಿಷನರ್ ಕಚೇರಿ. ಠಾಣೆಯಿಂದ ವರದಿ ಬರುತ್ತದೆ. ಶಸ್ತ್ರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಸಶಸ್ತ್ರ ಮೀಸಲು ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ನಿಮ್ಮ ಠಾಣೆಯಲ್ಲಿ ವಿಚಾರಿಸಿದರೆ ಮುಂದಿನ ಶಿಬಿರ ಯಾವಾಗ ಅಂತ ಹೇಳುತ್ತಾರೆ. ಲೈಸೆನ್ಸ್ ಸಿಕ್ಕರೆ ಈಗ ಅದರ ಅವಧಿ ಐದು ವರ್ಷ.

ಅಷ್ಟರಲ್ಲಿ ನಾಳೆ ಕಾಲೇಜಿಗೆ ಹೋದಾಗ ಈ ವರ್ಷದ ಪರೇಡ್ ಎಷ್ಟಾಗಿದೆ, ತನ್ನ ಹಾಜರಿ ಎಷ್ಟಿದೆ ಅಂತ ಅವಳೇ ಬರೆದುಕೊಂಡು ಬರಲಿ. ಕಡಿಮೆ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ, ಸರಿದೂಗಿಸೋದಕ್ಕೆ ಇನ್ನೂ ಎಷ್ಟು ಪರೇಡ್ ಬೇಕು ಅಂತ ಕೂತು ಲೆಕ್ಕ ಹಾಕೋಣ.